ಗಣಕಯಂತ್ರಕ್ಕೂ ಜಾತಕ ಕೂಡಿಬರಬೇಕು

ಡೊಂಬಿವಲಿಯ ನಮ್ಮ ಎರಡು ಕೋಣೆಯ ಬಿಡಾರದಲ್ಲಿ ಒಂದು ಗಣಕಯಂತ್ರವುಂಟು. ಗುಮಾಸ್ತನ ಸಂಬಳದಲ್ಲಿ ಮಿಗಿಸಿದ ಹಣದಿಂದ 2016ರಲ್ಲಿ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕೊಂಡು, ಲೋಕಲ್ ಗಾಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಮಗಳ ಪಾಠ, ನಮ್ಮ ಲೆಕ್ಕಪತ್ರ, ಎಲ್ಲಕ್ಕಿಂತ ಮಿಗಿಲಾಗಿ ತಂದೆಯವರು 'ನುಡಿ'ಯಲ್ಲಿ ಬೆರಳಚ್ಚಿಸಿದ ಊರಿನ ನೆನಪುಗಳು, ಸುಮಾರು ಇನ್ನೂರು ಪುಟ, ಅದರ ಹೊಟ್ಟೆಯಲ್ಲಿವೆ.

ಯಂತ್ರಕ್ಕೇನೂ ರೋಗವಿಲ್ಲ. ಆದರೆ ಅದನ್ನು ನಡೆಸುವ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದೋ ಅದರ ಮುಂದಿನದೋ ಆಗಿರಬೇಕು. ನಮ್ಮದು ಆರನೆಯದು. ಅಡ್ಡದಾರಿಯಿಂದ ಹಾಕುವವರೂ ಇದ್ದಾರೆ. ಮುಂದೆ ತಿದ್ದುಪಡಿಗಳು ಬಂದಾವೆಂಬ ಖಾತರಿಯಿಲ್ಲ.

ಹೊಸ ಯಂತ್ರ ಕೊಳ್ಳುವುದೆಂದರೆ ಮಗಳ ಕಾಲೇಜಿನ ಶುಲ್ಕಕ್ಕೆ ಕೈಹಾಕಿದಂತೆ. ಆದ್ದರಿಂದ ಹಣ ಕೊಡದೆ ಸಿಗುವ ಲಿನಕ್ಸ್ ಮಿಂಟಿನ ಕಡೆ ತಿರುಗಿದೆವು. ಅದನ್ನು ಪೆನ್‌ಡ್ರೈವಿಗೆ ತುಂಬಿ, ಯಂತ್ರದೊಳಗಿನ ಯಾವುದನ್ನೂ ಮುಟ್ಟದೆ, ಅಲ್ಲಿಂದಲೇ ನಡೆಸಿ ನೋಡಬಹುದು. ಮದುವೆಗೆ ಮುಂಚೆ ಜಾತಕ ನೋಡಿದ ಹಾಗೆ ಎನ್ನಿ. ಈ ಹೆಜ್ಜೆಯನ್ನು ಮಾತ್ರ ಯಾರೂ ಬಿಡಬಾರದು.

ಪರದೆ ಕೂಡಿತು, ಧ್ವನಿ ಕೂಡಿತು, ವೈ-ಫೈ ಕೂಡಿತು. ಪ್ರಿಂಟರ್ ಮಾತ್ರ ಮೌನ ಹಿಡಿಯಿತು! ಪ್ರತಿಯೊಂದು ಉಪಕರಣಕ್ಕೂ ವ್ಯವಸ್ಥೆಗೂ ನಡುವೆ ಡ್ರೈವರ್ ಎಂಬ ದುಭಾಷಿ ಬೇಕು. ನಮ್ಮ ತಾಯಿಯವರು ಮುಂಬಯಿಗೆ ಬಂದ ಹೊಸತರಲ್ಲಿ ತರಕಾರಿಯವಳ ಮುಂದೆ ನಮ್ಮನ್ನು ನಿಲ್ಲಿಸಿಕೊಳ್ಳುತ್ತಿದ್ದರಲ್ಲ, ಹಾಗೆ. ಪ್ರಿಂಟರ್ ತಯಾರಿಸಿದವರು ವಿಂಡೋಸಿಗೆ ದುಭಾಷಿಯನ್ನು ಕೊಟ್ಟಿದ್ದರು, ಲಿನಕ್ಸಿಗೆ ಕೊಟ್ಟಿರಲಿಲ್ಲ. ಎಲ್ಲ ಪ್ರಿಂಟರುಗಳೂ ಹೀಗಲ್ಲ; ಅನೇಕವು ಸೇರಿಸಿದೊಡನೆ ನಡೆಯುತ್ತವೆ.

ಆಮೇಲೆ ತಂದೆಯವರ ಕಡತ ತೆರೆದೆವು. ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಅವರ ಮುಖ ಬಿಳಿಚಿಕೊಂಡಿತು. ಅಸಲು ಸಂಗತಿ ಇಷ್ಟು: ಹಳೆಯ ನುಡಿ ಕಡತಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡವು. ಆ ಫಾಂಟನ್ನು ಪ್ರತಿಮಾಡಿ ಹಾಕಿದೊಡನೆ ಕನ್ನಡ ಮರಳಿತು. ಆದರೂ ಯೂನಿಕೋಡಿಗೆ ಪರಿವರ್ತಿಸುವುದೇ ಲೇಸೆಂದು ಕುಳಿತೆವು. ಅರ್ಕಾವತ್ತುಗಳು ಅಲ್ಲಲ್ಲಿ ಸ್ಥಾನ ಬದಲಿಸಿದ್ದವು. ಅವನ್ನು ತಿದ್ದುವುದಕ್ಕೆ ಎರಡು ಭಾನುವಾರ ಹಿಡಿಯಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಇರುವುದರಿಂದ ತಂದೆಯವರ ಬೆರಳುಗಳಿಗೆ ಹೊಸ ಪಾಠವೇನೂ ಬೇಕಾಗಲಿಲ್ಲ.

ಕೊನೆಗೆ ಎಲ್ಲವನ್ನೂ ಬೇರೆ ಡಿಸ್ಕಿಗೆ ಪ್ರತಿಮಾಡಿಟ್ಟು, ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಂಡೆವು. ದಿನದ ಕೆಲಸಕ್ಕೆ ಮಿಂಟ್. ಮುದ್ರಣವಿದ್ದ ದಿನ ಮಾತ್ರ, ಅಂತರ್ಜಾಲದ ಸಂಪರ್ಕ ಕಡಿದು, ವಿಂಡೋಸ್. ತುಸು ರಗಳೆಯೇ ಸರಿ. ತಂದೆಯವರು ಇನ್ನೂರ ಹನ್ನೆರಡನೆಯ ಪುಟದಲ್ಲಿದ್ದಾರೆ.