ಸಣ್ಣ ಕೂಸು, ಒಳಗಿನ ಕೊಬ್ಬು

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ 1934ರಿಂದಲೇ ದಾಖಲಾಗುತ್ತಾ ಬಂದವು. ಬರೆದಿಟ್ಟವರಿಗೆ ಅದು ದಿನನಿತ್ಯದ ಕೆಲಸ. ಸುಮಾರು ಅರವತ್ತು ವರ್ಷ ಕಳೆದ ಮೇಲೆ ಅದೇ ಕಡತಗಳು ವಿಜ್ಞಾನಿಗಳ ಪಾಲಿಗೆ ನಿಧಿಯಾದವು.

ತೂಕ ಕಡಿಮೆಯಿದ್ದು ಹುಟ್ಟಿದವರಿಗೆ ನಡುವಯಸ್ಸಿನಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆ ಹೆಚ್ಚು ಎಂದು ಬ್ರಿಟನ್ನಿನ ಡೇವಿಡ್ ಬಾರ್ಕರ್ ವಾದಿಸುತ್ತಿದ್ದ ಕಾಲ ಅದು. ಅದನ್ನು ಇಲ್ಲಿ ಪರೀಕ್ಷಿಸಲು ಸಂಶೋಧಕಿ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಮೈಸೂರಿನಲ್ಲಿ ಆಸ್ಪತ್ರೆಯ ಸುತ್ತಮುತ್ತ ಮನೆಮನೆ ತಿರುಗಿ, ಅಲ್ಲೇ ಹುಟ್ಟಿ ಬೆಳೆದವರನ್ನು ಪತ್ತೆಹಚ್ಚಿದರು. 1996ರಲ್ಲಿ ಫಲಿತಾಂಶ ಹೊರಬಂತು. ಹುಟ್ಟುವಾಗ ಎರಡೂವರೆ ಕಿಲೋ ಮೀರದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋ ದಾಟಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ.

ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಬಾರ್ಕರ್ ವಾದಕ್ಕೆ ಒಗ್ಗಲಿಲ್ಲ. ಮೈಸೂರಿನಲ್ಲಿ ಅದು ಹೆಚ್ಚಾಗಿ ಕಂಡದ್ದು ಗಿಡ್ಡಗೆ, ಗುಂಡಗೆ ಹುಟ್ಟಿದವರಲ್ಲಿ. ಅವರ ತಾಯಂದಿರ ತೂಕವೂ ಹೆಚ್ಚೇ ಇತ್ತು. (ಮೊಮ್ಮಗು ಗುಂಡುಗುಂಡಗಿದೆ ಎಂದು ದೃಷ್ಟಿ ತೆಗೆಯುವ ಅಜ್ಜಿಗೆ ಇದನ್ನು ಹೇಳುವ ಧೈರ್ಯ ಯಾರಿಗಿದೆ!)

ಹಾಗಾದರೆ ಸಣಕಲು ಕೂಸು ಬಚಾವೇ? ಅದೂ ಅಲ್ಲ. ಪುಣೆ ಬಳಿಯ ಹಳ್ಳಿಗಳಲ್ಲಿ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ನವಜಾತ ಶಿಶುಗಳನ್ನು ಅಳೆಯಿತು. ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಶಿಶುಗಳದು 3.5. ಕೊರತೆ ಬಿದ್ದದ್ದು ಮುಖ್ಯವಾಗಿ ಮಾಂಸಖಂಡದಲ್ಲಿ, ಹೊಟ್ಟೆಯೊಳಗಿನ ಅಂಗಗಳಲ್ಲಿ. ಬೆನ್ನಿನ ಚರ್ಮ ಚಿವುಟಿ ಅಳೆದಾಗ ಕೊಬ್ಬು ಮಾತ್ರ ಹೆಚ್ಚೇನೂ ಕಡಿಮೆಯಿರಲಿಲ್ಲ. ಪುಣೆಯ ಶಿಶುಗಳ ಹೊಕ್ಕುಳಬಳ್ಳಿಯ ರಕ್ತವನ್ನು ಲಂಡನ್ನಿನ ಬಿಳಿಯ ಶಿಶುಗಳದರೊಡನೆ ಹೋಲಿಸಿದಾಗ ಇನ್ಸುಲಿನ್ ಕೂಡ ಇಲ್ಲಿಯೇ ಹೆಚ್ಚಿತ್ತು. ತೂಕದ ತಕ್ಕಡಿ ಹೇಳುವುದು ಅರ್ಧ ಕಥೆ ಮಾತ್ರ.

ಗರ್ಭದಲ್ಲಿ ಆಗುವುದೇನು? ತಾಯಿಯ ರಕ್ತದ ಗ್ಲೂಕೋಸ್ ಮಾಸು ದಾಟಿ ಭ್ರೂಣಕ್ಕೆ ಹೋಗುತ್ತದೆ, ಅವಳ ಇನ್ಸುಲಿನ್ ದಾಟುವುದಿಲ್ಲ. ಸಕ್ಕರೆ ಅತಿಯಾದರೆ ಕೂಸಿನ ಮೇದೋಜೀರಕ ಗ್ರಂಥಿ ತಾನೇ ಹೆಚ್ಚು ಇನ್ಸುಲಿನ್ ಸುರಿಸಬೇಕು. ಆ ಇನ್ಸುಲಿನ್ ಕೊಬ್ಬು ಕೂಡಿಡುತ್ತದೆ. 1997-98ರಲ್ಲಿ ಅದೇ ಮಿಷನ್ ಆಸ್ಪತ್ರೆಯಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ, ಬಸುರಿನಲ್ಲಿ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಿಗೆ ಐದನೇ ವಯಸ್ಸಿಗೇ ಚರ್ಮದಡಿಯ ಕೊಬ್ಬೂ ಇನ್ಸುಲಿನ್ನೂ ಏರಿದ್ದವು. ಬಸುರಿಯರಿಗೆಲ್ಲ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಳಿಕ ರಕ್ತ ಪರೀಕ್ಷಿಸಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುವುದು ಸುಮ್ಮನಲ್ಲ. ಸಕ್ಕರೆ ಡೆಸಿಲೀಟರಿಗೆ 140 ಮಿಲಿಗ್ರಾಂ ಮುಟ್ಟಿದರೆ ಎಚ್ಚರ ವಹಿಸಬೇಕು.

ಊಟದ ವಿಷಯದಲ್ಲಿ ನಮ್ಮವರು "ಇಬ್ಬರ ಪಾಲು ಉಣ್ಣು" ಎನ್ನುತ್ತಾರೆ. ಆದರೆ ಎಷ್ಟು ಉಂಡರು ಎನ್ನುವುದಕ್ಕಿಂತ ಏನು ಉಂಡರು ಎಂಬುದೇ ಮುಖ್ಯವಾಗಿ ಕಾಣುತ್ತದೆ. ಪುಣೆಯಲ್ಲಿ ಫೋಲೇಟ್ ಎಂಬ ವಿಟಮಿನ್ ಹೆಚ್ಚಿದ್ದು ವಿಟಮಿನ್ ಬಿ12 ಕಡಿಮೆಯಿದ್ದ ತಾಯಂದಿರ ಮಕ್ಕಳ ಮೈ ಆರನೇ ವರ್ಷಕ್ಕೇ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುತ್ತಿರಲಿಲ್ಲ. ಹಾಗೆಂದು ಫೋಲೇಟ್ ಒದಗಿಸುವ ಫೋಲಿಕ್ ಆಮ್ಲದ ಮಾತ್ರೆ ಬಿಡುವಂತಿಲ್ಲ, ಕೂಸಿನ ನರಕೊಳವೆಯ ದೋಷ ತಡೆಯುವುದು ಅದೇ. ಬಿ12 ಜೊತೆಗಿರಬೇಕು. ಅದು ಸೊಪ್ಪಿನಲ್ಲಿಲ್ಲ, ಬೇಳೆಯಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ನೀರು ಮಜ್ಜಿಗೆಯಿಂದ ಎಷ್ಟು ದಕ್ಕೀತು?

ಮುಂಬೈಯ ಕೊಳೆಗೇರಿಗಳಲ್ಲಿ ಸೊಪ್ಪು, ಹಣ್ಣು, ಹಾಲು ಸೇರಿಸಿ ಮಾಡಿದ ತಿಂಡಿಯನ್ನು ಹೆಂಗಸರಿಗೆ ಗರ್ಭ ಧರಿಸುವ ಮೊದಲಿನಿಂದಲೇ ಕೊಟ್ಟು ನೋಡಿದರು. ಗರ್ಭಾವಧಿಯ ಮಧುಮೇಹ ಶೇ. 12.4ರ ಬದಲು ಶೇ. 7.3ಕ್ಕೆ ನಿಂತಿತು. ಕರ್ನಾಟಕದ ಮಾತೃಪೂರ್ಣ ಯೋಜನೆಯೂ 2017ರಿಂದ ಅಂಗನವಾಡಿಯಲ್ಲಿ ಬಿಸಿಯೂಟದ ಜೊತೆ ಹಾಲು, ಮೊಟ್ಟೆ ಬಡಿಸುತ್ತಾ ಬಂದಿದೆ. ಒಳ್ಳೆಯದೇ. ಆದರೆ ಅದು ಬಸುರಿಯರಿಗೆ, ಬಾಣಂತಿಯರಿಗೆ. ಕೂಸಿನ ಮುಖ್ಯ ಅಂಗಗಳೆಲ್ಲ ರೂಪುಗೊಳ್ಳಲು ತೊಡಗುವುದು ಮೊದಲ ಎಂಟು ವಾರಗಳಲ್ಲೇ. ಎಷ್ಟೋ ಹೆಣ್ಣುಮಕ್ಕಳು ಅಂಗನವಾಡಿಯಲ್ಲಿ ಹೆಸರು ಬರೆಸುವ ಹೊತ್ತಿಗೆ ಆ ವಾರಗಳು ಕಳೆದಿರುತ್ತವೆ.