ಯಂತ್ರಗರಗಸವೂ ಮನೆಯ ಕ್ಷೇಮವೂ

ಮಲೆನಾಡಿನ ಮನೆಗಳಲ್ಲಿ ಮಳೆಗಾಲವೆಂದರೆ ಮರ ಬೀಳುವ ಕಾಲ. ಆಷಾಢದ ಗಾಳಿಗೆ ನಡುರಾತ್ರಿಯಲ್ಲಿ ಎಲ್ಲಿಯೋ ಧಡಾರನೆ ಶಬ್ದವಾಗುವುದು. ಬೆಳಗಾಗುತ್ತಲೇ ಹೋಗಿ ನೋಡಿದರೆ ದಾರಿಗೆ ಅಡ್ಡಲಾಗಿಯೋ, ತೋಟದ ಬೇಲಿಯ ಮೇಲೆಯೋ ಹೆಮ್ಮರವೊಂದು ಮಲಗಿರುವುದು. ಹಿಂದಿನವರ ಕಾಲದಲ್ಲಿ ಇಂತಹ ಮರವನ್ನು ತುಂಡುಮಾಡಬೇಕಾದರೆ ಇಬ್ಬರು ಆಳುಗಳು ಎರಡು ಕಡೆಗಳಲ್ಲಿ ನಿಂತು ಗರಗಸವನ್ನು ಎಳೆಯಬೇಕಾಗಿತ್ತು. ಅರ್ಧ ದಿನವು ಅದರಲ್ಲಿಯೇ ಕಳೆದುಹೋಗುತ್ತಿತ್ತು. ಈಗ ಹಾಗಲ್ಲ. ಅಡಕೆಯ ತೋಟದವರ ಮನೆಯಲ್ಲಾಗಲಿ, ಕಾಫಿಯ ತೋಟದವರ ಮನೆಯಲ್ಲಾಗಲಿ, ಕೊಟ್ಟಿಗೆಯ ಮೂಲೆಯಲ್ಲಿ ಒಂದು ಯಂತ್ರಗರಗಸವಿರುವುದು ಅಪರೂಪವಲ್ಲ. ಚೈನ್ ಸಾ ಎಂದು ಎಲ್ಲರೂ ಕರೆಯುವುದು ಇದನ್ನೇ. ಹಗ್ಗವನ್ನು ಸೆಳೆದು ಯಂತ್ರವನ್ನು ಹೂಡಿದರೆ ಸ್ವಲ್ಪ ಹೊತ್ತಿನಲ್ಲಿಯೇ ಕೆಲಸವು ಮುಗಿಯುವುದು. ಆದರೆ ಅಷ್ಟೇ ಸ್ವಲ್ಪ ಹೊತ್ತಿನಲ್ಲಿ ಒಂದು ಮನೆಯ ನೆಮ್ಮದಿಯೂ ಮುಗಿದುಹೋಗುವುದುಂಟು.

ನಾಲ್ಕು ವರ್ಷಗಳ ಹಿಂದೆ ನಮ್ಮ ನೆರೆಮನೆಯಲ್ಲಿ ನಡೆದ ಒಂದು ಸಂಗತಿಯೇ ಈ ಲೇಖನಕ್ಕೆ ಕಾರಣವಾದುದು. ಆ ಮನೆಯ ಹಿರಿಯ ಮಗನು ಈ ಕೆಲಸಕ್ಕೆ ಹೊಸಬನಲ್ಲ. ಆರು ವರ್ಷಗಳಿಂದ ಯಂತ್ರವನ್ನು ಬಳಸಿದವನು. ಒಂದು ಮುಂಜಾನೆ ಅವರ ಮನೆಯ ದಾರಿಗೆ ಅಡ್ಡಲಾಗಿ ಹಲಸಿನ ಮರವು ಬಿದ್ದಿತ್ತು. ಹಾಲಿನ ಗಾಡಿ ಬರುವ ಹೊತ್ತಾಗಿತ್ತು. “ಎರಡು ಕೊಂಬೆ ಕಡಿದು ಬಂದುಬಿಡುತ್ತೇನೆ, ಕಾಫಿ ಮಾಡಿಡು ಅಮ್ಮಾ” ಎಂದು ಹೇಳಿ, ಉಟ್ಟ ಲುಂಗಿಯಲ್ಲಿಯೇ, ಹವಾಯಿ ಚಪ್ಪಲಿಯನ್ನು ಮೆಟ್ಟಿಕೊಂಡು ಹೊರಟನು. ಎಲೆಗಳ ಮರೆಯಲ್ಲಿದ್ದ ಇನ್ನೊಂದು ಕೊಂಬೆಗೆ ಗರಗಸದ ತುದಿಯು ತಗುಲಿತು. ಯಂತ್ರವು ಕೈಯಲ್ಲಿದ್ದಂತೆಯೇ ನೆಗೆಯಿತು. ಅವನು ಗಾಬರಿಯಿಂದ ಅದನ್ನು ಪಕ್ಕಕ್ಕೆ ಸೆಳೆದನು. ಇನ್ನೂ ತಿರುಗುತ್ತಿದ್ದ ಸರಪಳಿಯು ಎಡಗಾಲನ್ನು ಮೊಣಕಾಲಿನ ಮೇಲುಗಡೆ ಸೀಳಿತು. ಕೂಗನ್ನು ಕೇಳಿ ಓಡಿಬಂದ ತಾಯಿಯು ಕೈಯಲ್ಲಿದ್ದ ಟವೆಲನ್ನು ಮಡಿಸಿ ಗಾಯದ ಮೇಲಿಟ್ಟು ಎರಡು ಕೈಗಳಿಂದಲೂ ಅದುಮಿ ಹಿಡಿದರು. ಪೇಟೆಯ ಆಸ್ಪತ್ರೆಯನ್ನು ತಲಪುವವರೆಗೂ ಕೈ ತೆಗೆಯಲಿಲ್ಲ. ಜೀವವು ಉಳಿಯಿತು, ಕುಂಟುವುದೂ ಉಳಿದುಕೊಂಡಿತು.

“ಏನಾಗುತ್ತಿದೆಯೆಂದು ತಿಳಿಯುವುದರೊಳಗೆ ಆಗಿಹೋಗಿತ್ತು” ಎಂದು ಆತನು ಆಮೇಲೆ ನನ್ನೊಡನೆ ಹೇಳಿದನು. ಈ ವಿಷಯದ ಸಾರವೆಲ್ಲವೂ ಆ ಒಂದು ಮಾತಿನಲ್ಲಿಯೇ ಇದೆ. ಕೊಡಲಿಯನ್ನು ಹಿಡಿದವನು ಪೆಟ್ಟುಪೆಟ್ಟಿಗೂ ಯೋಚಿಸಬಹುದು. ಈ ಯಂತ್ರವಾದರೋ ಯೋಚನೆಗೆ ಎಡೆಗೊಡುವುದಿಲ್ಲ. ಆದುದರಿಂದ ನಮ್ಮನ್ನು ಕಾಪಾಡತಕ್ಕುದೆಲ್ಲವೂ ಹಗ್ಗವನ್ನು ಸೆಳೆಯುವುದಕ್ಕೆ ಮೊದಲೇ ಸಿದ್ಧವಾಗಿರಬೇಕು.

ಯಂತ್ರದ ಪೂರ್ವಕಥೆಯನ್ನು ಎರಡು ಮಾತುಗಳಲ್ಲಿ ಹೇಳಬಹುದು. ಸರಪಳಿಗೆ ಹಲ್ಲುಗಳನ್ನು ಕಟ್ಟಿ ತಿರುಗಿಸುವ ಉಪಾಯವು ಮೊದಲು ಹುಟ್ಟಿದುದು ಮರಕ್ಕಾಗಿ ಅಲ್ಲ. ೧೮೩೦ರ ಸುಮಾರಿಗೆ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಎಂಬಾತನು ಶಸ್ತ್ರಚಿಕಿತ್ಸೆಯಲ್ಲಿ ಎಲುಬನ್ನು ಕೊಯ್ಯಲೆಂದು ಕೈಯಿಂದ ತಿರುಗಿಸುವ ಇಂತಹ ಉಪಕರಣವನ್ನು ರಚಿಸಿದನು. ಅದೇ ದೇಶದ ಆಂಡ್ರಿಯಾಸ್ ಸ್ಟೀಲ್ ಎಂಬಾತನು ೧೯೨೬ರಲ್ಲಿ ವಿದ್ಯುತ್ತಿನಿಂದಲೂ ೧೯೨೯ರಲ್ಲಿ ಪೆಟ್ರೋಲಿನಿಂದಲೂ ನಡೆಯುವ ಮರಗರಗಸಗಳನ್ನು ಮಾಡಿದನು. ಅವು ಇಬ್ಬರು ಹೊರಬೇಕಾದಷ್ಟು ಭಾರವಾಗಿದ್ದುವು. ಬಳಿಕ ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರಗೆಲಸದವನು ಮರಕೊರೆಯುವ ಹುಳುವೊಂದು ಎಡಕ್ಕೂ ಬಲಕ್ಕೂ ದವಡೆಯಾಡಿಸಿ ದಾರಿಮಾಡಿಕೊಳ್ಳುವುದನ್ನು ನೋಡಿ, ಅದೇ ಮಾದರಿಯ ಹಲ್ಲುಗಳುಳ್ಳ ಸರಪಳಿಯನ್ನು ೧೯೪೭ರಲ್ಲಿ ಮಾರಾಟಕ್ಕೆ ತಂದನು. ಇಂದಿನ ಸರಪಳಿಗಳೆಲ್ಲವೂ ಬಹುಮಟ್ಟಿಗೆ ಅದರ ಸಂತತಿಯೇ. ಎಲುಬಿಗಾಗಿ ಹುಟ್ಟಿದ ಉಪಾಯವು ಎಲುಬನ್ನು ಇನ್ನೂ ಮರೆತಿಲ್ಲವೆಂಬುದನ್ನು ನಾವು ನೆನಪಿನಲ್ಲಿಡಬೇಕು.

ಇನ್ನು ಯಂತ್ರವು ಒದೆಯುವುದೇತಕ್ಕೆ ಎಂಬುದನ್ನು ತಿಳಿಯೋಣ. ಉದ್ದನೆಯ ಉಕ್ಕಿನ ಪಟ್ಟಿಯೊಂದರ ಸುತ್ತಲೂ ಸರಪಳಿಯು ಓಡುತ್ತಿರುವುದು: ಪಟ್ಟಿಯ ಮೇಲ್ಭಾಗದಲ್ಲಿ ಮುಂದಕ್ಕೆ, ತುದಿಯಲ್ಲಿ ಕೆಳಕ್ಕೆ, ಕೆಳಭಾಗದಲ್ಲಿ ಹಿಂದಕ್ಕೆ. ಕೆಳಭಾಗದಿಂದ ಕೊಯ್ದರೆ ಯಂತ್ರವು ಮರದ ಕಡೆಗೆ ಎಳೆಯುವುದು. ಮೇಲ್ಭಾಗದಿಂದ ಕೊಯ್ದರೆ ನಮ್ಮ ಕಡೆಗೆ ತಳ್ಳುವುದು. ಇವೆರಡನ್ನೂ ಗಟ್ಟಿಯಾದ ಕೈಯಿಂದ ತಡೆಯಬಹುದು. ಆದರೆ ತುದಿಯ ಮೇಲುಗಡೆಯ ಕಾಲುಭಾಗವು ಯಾವುದಾದರೂ ಕೊಂಬೆಗೋ ದಿಮ್ಮಿಗೋ ತಗುಲಿತೆಂದರೆ, ಹಲ್ಲು ಆಳವಾಗಿ ಕಚ್ಚಿ ಸಿಕ್ಕಿಬೀಳುವುದು; ಮುಂದೆ ಹೋಗಲಾರದ ಸರಪಳಿಯ ಶಕ್ತಿಯೆಲ್ಲವೂ ಪಟ್ಟಿಯನ್ನೇ ಎತ್ತಿ ಹಿಡಿದವನ ಮುಖ ಮತ್ತು ಕೊರಳುಗಳ ಕಡೆಗೆ ಎಸೆಯುವುದು. ಇದೇ ಗರಗಸದ ಒದೆತ. ಪೂರ್ಣ ವೇಗದಲ್ಲಿ ಸರಪಳಿಯು ಸೆಕೆಂಡಿಗೆ ಸುಮಾರು ೨೦ ಮೀಟರು ಓಡುವುದು. ಕಣ್ಣು ಕಂಡುದಕ್ಕೆ ಕೈ ಎಚ್ಚರಗೊಳ್ಳಲು ಸೆಕೆಂಡಿನ ಕಾಲುಭಾಗವಾದರೂ ಬೇಕು. ಅಷ್ಟರಲ್ಲಿ ೫ ಮೀಟರು ಸರಪಳಿಯು ಹಾದುಹೋಗಿರುತ್ತದೆ. ಬಲಶಾಲಿಯಾದವನಿಗೂ ಅನುಭವಿಯಾದವನಿಗೂ ಈ ಲೆಕ್ಕವು ಒಂದೇ.

ಆದುದರಿಂದ ತುದಿಯಿಂದ ಕೊಯ್ಯಬಾರದು. ತುದಿಯು ಎಲ್ಲಿದೆಯೆಂಬುದು ಯಾವಾಗಲೂ ಕಣ್ಣಿಗೆ ಕಾಣುತ್ತಿರಬೇಕು. ಎಡಗೈಯು ಮುಂದಿನ ಹಿಡಿಯ ಮೇಲೆ, ಬಲಗೈಯು ಹಿಂದಿನ ಹಿಡಿಯ ಮೇಲೆ ಇರಬೇಕು. ಹೆಬ್ಬೆರಳು ಹಿಡಿಯ ಕೆಳಗಿಂದ ಬಂದು ಸುತ್ತಿಕೊಂಡಿರಬೇಕು. ಮೇಲೆ ಒರಗಿದ್ದರೆ ಒದೆತಕ್ಕೆ ಕೈ ಜಾರುವುದು. ಒಂದು ಕೈಯಿಂದ ಕೊಂಬೆಯನ್ನು ಹಿಡಿದು ಮತ್ತೊಂದರಿಂದ ಕೊಯ್ಯುವುದು ಎಂದಿಗೂ ಸಲ್ಲದು. ಪಟ್ಟಿಯ ನೇರಕ್ಕೆ ತಲೆಯನ್ನೊಡ್ಡದೆ, ಸ್ವಲ್ಪ ಎಡಕ್ಕೆ ಸರಿದು, ಕಾಲುಗಳನ್ನು ಅಗಲಿಸಿ ನಿಲ್ಲಬೇಕು. ಭುಜಕ್ಕಿಂತ ಮೇಲೆ ಯಂತ್ರವನ್ನು ಎತ್ತಬಾರದು. ಏಣಿಯ ಮೇಲೆ ನಿಂತು ಕೊಯ್ಯಬಾರದು. ಮುಂದಿನ ಹಿಡಿಯ ಎದುರಿಗೆ ಇರುವ ಕೈಕಾಪು ಬರಿಯ ಅಲಂಕಾರವಲ್ಲ. ಅದು ಮುಂದಕ್ಕೆ ಬಾಗಿದರೆ ಸರಪಳಿಯು ಕ್ಷಣಾರ್ಧದಲ್ಲಿ ನಿಲ್ಲುವುದು. ೧೯೭೦ರ ದಶಕದಲ್ಲಿ ಬಳಕೆಗೆ ಬಂದ ಈ ಬ್ರೇಕು ಅನೇಕರ ಮುಖವನ್ನು ಕಾಪಾಡಿದೆ. ಪ್ರತಿದಿನವೂ ಕೆಲಸಕ್ಕೆ ಮೊದಲು ಅದನ್ನು ಪರೀಕ್ಷಿಸಬೇಕು. ಅದು ಕೆಟ್ಟಿದ್ದರೆ ಆ ದಿನ ಕೆಲಸವಿಲ್ಲವೆಂದೇ ತಿಳಿಯಬೇಕು.

ಉಡುಪಿನ ವಿಷಯವು ಮನೆಯವರೆಲ್ಲರಿಗೂ ಸೇರಿದುದು. ಈ ಯಂತ್ರದ ಗಾಯಗಳಲ್ಲಿ ಹೆಚ್ಚಿನವು ಕಾಲುಗಳಿಗೂ ಕೈಗಳಿಗೂ ಆಗತಕ್ಕವು. ಲುಂಗಿ, ಪಂಚೆ, ಸಡಿಲವಾದ ಅಂಗಿ, ಕೊರಳಿನ ವಸ್ತ್ರ ಇವೆಲ್ಲವೂ ಸರಪಳಿಗೆ ಸಿಕ್ಕಿ ಮೈಯನ್ನೇ ಒಳಕ್ಕೆ ಎಳೆದುಕೊಳ್ಳುವುವು. ಆಶ್ಚರ್ಯವೇನೆಂದರೆ, ಕಾಪಾಡುವುದೂ ನೂಲೇ. ಇದಕ್ಕೆಂದೇ ಮಾಡಿದ ಶರಾಯಿಯಲ್ಲಿ ಉದ್ದವಾದ ಬಲವಾದ ಎಳೆಗಳನ್ನು ಪದರಪದರವಾಗಿ ಸಡಿಲಾಗಿ ತುಂಬಿರುವರು. ಸರಪಳಿಯು ಮೇಲಿನ ಬಟ್ಟೆಯನ್ನು ಸೀಳಿದೊಡನೆಯೇ ಆ ಎಳೆಗಳು ಹೊರಬಂದು, ಸರಪಳಿಯೊಡನೆ ಹೋಗಿ, ಒಳಗಿನ ಹಲ್ಲುಗಾಲಿಗೆ ಸುತ್ತಿಕೊಂಡು ಯಂತ್ರವನ್ನೇ ಕಟ್ಟಿಹಾಕುವುವು. ಇದರೊಡನೆ ಗಟ್ಟಿಯಾದ ಬೂಟು, ಕೈಚೀಲ, ಮುಖಕ್ಕೆ ಜಾಲರಿಯುಳ್ಳ ಶಿರಸ್ತ್ರಾಣ, ಕಿವಿಮುಚ್ಚು ಇವೂ ಬೇಕು. ೮೫ ಡೆಸಿಬೆಲ್‌ಗಿಂತ ಹೆಚ್ಚಿನ ಶಬ್ದವನ್ನು ದಿನವೆಲ್ಲಾ ಕೇಳಿದರೆ ಕಿವಿಯು ಕೆಡುವುದು. ಪೆಟ್ರೋಲಿನ ಗರಗಸದ ಶಬ್ದವು ೧೦೦ನ್ನು ಮೀರುವುದು. ಕಂಪನದ ಹಾನಿಯೂ ಅಲ್ಪವಲ್ಲ: ೧೯೬೦ರ ದಶಕದಲ್ಲಿ ಜಪಾನಿನ ಅರಣ್ಯದ ಕೆಲಸಗಾರರಲ್ಲಿ ಬೆರಳುಗಳು ಬಿಳುಚಿ ಮರಗಟ್ಟುವ ಬೇನೆಯು ಈ ಯಂತ್ರದಿಂದಲೇ ಹರಡಿತ್ತು. ಆದಕಾರಣ ನಡುನಡುವೆ ಯಂತ್ರವನ್ನು ಕೆಳಗಿಟ್ಟು ಕೈಗಳಿಗೆ ವಿಶ್ರಾಂತಿ ಕೊಡಬೇಕು.

ಯಂತ್ರವನ್ನು ಹೂಡುವಾಗ ನೆಲದ ಮೇಲಿಟ್ಟು, ಬ್ರೇಕನ್ನು ಹಾಕಿ, ಹಿಂದಿನ ಹಿಡಿಯನ್ನು ಬೂಟುಗಾಲಿನಿಂದ ಒತ್ತಿ ಹಿಡಿದು ಹಗ್ಗವನ್ನು ಸೆಳೆಯಬೇಕು. ಗಾಳಿಯಲ್ಲಿ ತೂಗಾಡಿಸಿ ಸೆಳೆಯುವುದು ಅಪಾಯಕರ. ಬಿಸಿಯಾದ ಯಂತ್ರಕ್ಕೆ ಪೆಟ್ರೋಲನ್ನು ಹೊಯ್ಯಬಾರದು. ತಣಿದ ಮೇಲೆ ಹೊಯ್ದು, ಆ ಜಾಗದಿಂದ ಹತ್ತು ಅಡಿ ದೂರ ಸರಿದು ಹೂಡಬೇಕು. ಹಲ್ಲುಗಳನ್ನು ದುಂಡನೆಯ ಅರದಿಂದ ಮಸೆದು ಹರಿತವಾಗಿಡಬೇಕು. ಮೊಂಡು ಗರಗಸವೇ ಕ್ಷೇಮವೆಂದು ಕೆಲವರು ತಿಳಿಯುವರು; ಅದು ತಪ್ಪು. ಮೊಂಡಾದುದನ್ನು ಒತ್ತಿ ಕೊಯ್ಯಬೇಕಾಗುವುದು. ಒತ್ತಿದ ಕೈಯು ಜಾರುವುದು. ಚಕ್ಕೆಗಳು ಉದುರುತ್ತಿದ್ದರೆ ಹಲ್ಲು ಹರಿತವಾಗಿದೆ. ಹಿಟ್ಟಿನಂತಹ ಹೊಟ್ಟು ಉದುರಿದರೆ ಮಸೆಯುವ ಕಾಲ ಬಂದಿತೆಂದು ತಿಳಿಯಬಹುದು.

ಬಿದ್ದ ಮರವು ಸತ್ತ ಹಾವಿನಂತೆ ಕಂಡರೂ ನಂಬತಕ್ಕುದಲ್ಲ. ಬಗ್ಗಿದ ಬಿದಿರಿನಲ್ಲಿರುವಂತೆ ಅದರಲ್ಲಿ ಬಿಗುವು ಅಡಗಿರುತ್ತದೆ. ಎರಡು ತುದಿಗಳೂ ಆಸರೆಯ ಮೇಲಿದ್ದು ನಡುವು ಜೋತಿದ್ದರೆ, ದಿಮ್ಮಿಯ ಮೇಲ್ಭಾಗವು ಒತ್ತಿಕೊಂಡಿರುತ್ತದೆ, ಕೆಳಭಾಗವು ಎಳೆದುಕೊಂಡಿರುತ್ತದೆ. ಮೊದಲು ಮೇಲಿನಿಂದ ಮೂರರಲ್ಲೊಂದು ಪಾಲನ್ನು ಕೊಯ್ದು, ಬಳಿಕ ಕೆಳಗಿನಿಂದ ಮುಗಿಸಬೇಕು. ಒಂದೇ ತುದಿಗೆ ಆಸರೆಯಿದ್ದರೆ ಈ ಕ್ರಮವು ತಲೆಕೆಳಗಾಗಬೇಕು. ಇದನ್ನು ಮರೆತರೆ ಪಟ್ಟಿಯು ಸಿಕ್ಕಿಬೀಳುವುದು, ಇಲ್ಲವೆ ದಿಮ್ಮಿಯು ಸಿಡಿಯುವುದು. ಬುಡಸಮೇತ ಕಿತ್ತು ಬಿದ್ದ ಮರದಲ್ಲಿ ಮತ್ತೊಂದು ಮೋಸವಿದೆ: ಕಾಂಡವನ್ನು ಕೊಯ್ದೊಡನೆ ಬೇರಿನ ಹೆಂಟೆಯು ತಟಕ್ಕನೆ ಹಿಂದಕ್ಕೆ ಎದ್ದು ತನ್ನ ಹೊಂಡದಲ್ಲಿ ಕುಳಿತುಕೊಳ್ಳಬಹುದು. ಮಕ್ಕಳು ಆಟಕ್ಕೆ ಇಳಿಯುವುದು ಆ ಹೊಂಡಕ್ಕೇ! ವಿದ್ಯುತ್ತಿನ ತಂತಿಯ ಮೇಲೆ ಬಿದ್ದ ಮರವನ್ನಂತೂ ಮುಟ್ಟದೆ ಇಲಾಖೆಯವರಿಗೆ ತಿಳಿಸಿ ಕಾಯಬೇಕು.

ನಿಂತ ಮರವನ್ನು ಕೆಡಹುವುದು ಪಳಗಿದವರ ಕೆಲಸ. ನಮ್ಮ ರಾಜ್ಯದಲ್ಲಿ ೧೯೭೬ರ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಅನೇಕ ಮರಗಳಿಗೆ ಮೊದಲೇ ಅಪ್ಪಣೆಯೂ ಬೇಕು. ಬೀಳಬೇಕಾದ ದಿಕ್ಕಿಗೆ ಕಾಂಡದ ದಪ್ಪದ ಕಾಲುಭಾಗದಷ್ಟು ಕಚ್ಚು ಮಾಡಿ, ಹಿಂದಿನಿಂದ ಕೊಯ್ಯುತ್ತಾ ಬಂದು, ಹತ್ತರಲ್ಲೊಂದು ಪಾಲು ಮರವನ್ನು ಕೀಲಿನಂತೆ ನಡುವೆ ಉಳಿಸಬೇಕು. ಬಾಗಿಲಿಗೆ ಕೀಲಿದ್ದಂತೆ ಮರಕ್ಕೆ ಅದು. ಅದನ್ನೂ ಕೊಯ್ದುಹಾಕಿದರೆ ಮರವು ತನಗೆ ತೋರಿದ ಕಡೆಗೆ ಬೀಳುವುದು. ಹಿಂದಕ್ಕೆ ಓರೆಯಾಗಿ ಓಡುವ ದಾರಿಯನ್ನು ಮೊದಲೇ ಸವರಿಟ್ಟಿರಬೇಕು. ನೋಡುವವರು ಮರದ ಎತ್ತರಕ್ಕೆ ಎರಡರಷ್ಟು ದೂರದಲ್ಲಿ ನಿಲ್ಲಬೇಕು.

ಇಷ್ಟಾದರೂ ಅಪಾಯವು ಸಂಭವಿಸಿದರೆ? ಒಬ್ಬನೇ ಕೆಲಸಕ್ಕೆ ಹೋಗಬಾರದೆಂಬುದು ಇದಕ್ಕಾಗಿಯೇ. ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು ಬಲವಾಗಿ ಅದುಮಬೇಕು. ತೊಯ್ದರೆ ಅದನ್ನು ತೆಗೆಯದೆ ಮೇಲೆ ಮತ್ತೊಂದನ್ನಿಡಬೇಕು. ಕೈ ಅಥವಾ ಕಾಲಿನಲ್ಲಿ ಅದುಮಿದರೂ ನಿಲ್ಲದೆ ರಕ್ತವು ಚಿಮ್ಮುತ್ತಿದ್ದರೆ, ಗಾಯಕ್ಕಿಂತ ಮೂರು ಅಂಗುಲ ಮೇಲೆ, ಕೀಲನ್ನು ಬಿಟ್ಟು, ಅಗಲವಾದ ಬಟ್ಟೆಯನ್ನು ಕಟ್ಟಿ, ಕೋಲು ತೂರಿಸಿ, ರಕ್ತವು ನಿಲ್ಲುವವರೆಗೆ ತಿರುಚಬೇಕು. ಬಿಗಿದ ಹೊತ್ತನ್ನು ಬರೆದಿಡಬೇಕು. ವೈದ್ಯರಲ್ಲದೆ ಬೇರೆಯವರು ಅದನ್ನು ಬಿಚ್ಚಬಾರದು. ಬೆರಳು ತುಂಡಾಗಿದ್ದರೆ ಒದ್ದೆಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಬೇಕು. ಬೆರಳಿಗೆ ಮಂಜುಗಡ್ಡೆಯು ನೇರವಾಗಿ ತಾಗಬಾರದು. ೧೦೮ಕ್ಕೆ ಫೋನು ಮಾಡುವುದನ್ನು ಮನೆಯ ಮಕ್ಕಳಿಗೂ ಕಲಿಸಿರಬೇಕು.

ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಯು ನಮ್ಮಲ್ಲಿದೆ. ನಮ್ಮ ನೆರೆಮನೆಯ ತಾಯಿಯು ಅದಕ್ಕೆ ತಮ್ಮದೇ ಆದ ಮದ್ದನ್ನು ಕಂಡುಕೊಂಡಿದ್ದಾರೆ. ಈಗ ಅವರ ಮನೆಯಲ್ಲಿ ಗರಗಸವಿರುವುದು ಕೊಟ್ಟಿಗೆಯಲ್ಲಲ್ಲ, ಉಗ್ರಾಣದಲ್ಲಿ. ಶರಾಯಿ, ಬೂಟು, ಶಿರಸ್ತ್ರಾಣಗಳು ಹೊರಗಿನ ಗೂಟದಲ್ಲಿವೆ. ಉಗ್ರಾಣದ ಬೀಗದ ಕೈ ಆಕೆಯ ಸೊಂಟದಲ್ಲಿದೆ. ಮೊನ್ನೆಯ ಮಳೆಗೆ ಮತ್ತೆ ಮರ ಬಿದ್ದಾಗ ಕಿರಿಯ ಮಗನು ಲುಂಗಿಯಲ್ಲಿಯೇ ಬಂದು, “ಹೊತ್ತಾಯಿತಮ್ಮಾ, ಹಾಲಿನ ಗಾಡಿ ಬಂತು, ಬೀಗದ ಕೈ ಕೊಡು” ಎಂದನಂತೆ. ಆಕೆ ಒಲೆಯ ಮುಂದಿನಿಂದ ಏಳಲಿಲ್ಲ. “ಹಾಲಿನ ಗಾಡಿ ನಾಳೆಯೂ ಬರುತ್ತದೆ ಮಗೂ, ಹೋಗಿ ಶರಾಯಿ ಹಾಕಿಕೊಂಡು ಬಾ” ಎಂದರಂತೆ. ಅವನು ಹಾಕಿಕೊಂಡು ಬಂದ ಮೇಲೆಯೇ ಬೀಗದ ಕೈ ಕೊಟ್ಟರು.