ಗುತ್ತಿಯ ನೀಲಿ ಜೇಡ ಮನೆಗೆ ಬಂದರೆ

ಬಳ್ಳಾರಿಯಲ್ಲಿ ರೈಲು ಹತ್ತಿ ಪೂರ್ವಕ್ಕೆ ಹೊರಟರೆ ಗುಂತಕಲ್ಲು ಬರುತ್ತದೆ. ಅದನ್ನು ದಾಟಿದರೆ ಗುತ್ತಿ. ಗುತ್ತಿ ಎಂದೊಡನೆ ತಾತಂದಿರಿಗೆ ಬೆಟ್ಟದ ಮೇಲಿನ ಕೋಟೆ ನೆನಪಾಗುತ್ತದೆ. ಆದರೆ ಅಮೆರಿಕ, ಜರ್ಮನಿ, ಪೋಲೆಂಡಿನಲ್ಲಿ ಜೇಡ ಸಾಕುವವರಿಗೆ ಆ ಕೋಟೆ ಗೊತ್ತಿಲ್ಲ, ಗುತ್ತಿ ಮಾತ್ರ ಚೆನ್ನಾಗಿ ಗೊತ್ತು! ಅವರ ಗಾಜಿನ ಪೆಟ್ಟಿಗೆಗಳಲ್ಲಿ ಈ ಊರ ಹೆಸರು ಹೊತ್ತ ಜೇಡವೊಂದು ಕೂತಿದೆ. ಅಂಗೈಗಿಂತ ದೊಡ್ಡದು, ನವಿಲಿನ ಕತ್ತಿನಂಥ ನೀಲಿ, ಕಾಲುಗಳ ಮೇಲೆ ಹಳದಿ ಮಚ್ಚೆ. ವಿಜ್ಞಾನಿಗಳು ಇಟ್ಟ ಹೆಸರು ಪೀಸಿಲೋಥೀರಿಯಾ ಮೆಟಾಲಿಕಾ.

1899ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಪೋಕಾಕ್ ಎಂಬ ವಿದ್ವಾಂಸರು ಇದನ್ನು ಮೊದಲು ವಿವರಿಸಿದರು. ಅವರ ಕೈಗೆ ಬಂದ ಜೇಡ ಸಿಕ್ಕಿದ್ದು ಗುತ್ತಿಯ ರೈಲ್ವೆಯ ಮರದ ದಿಮ್ಮಿಗಳ ಯಾರ್ಡಿನಲ್ಲಿ. ಆಮೇಲೆ ಸುಮಾರು ನೂರು ವರ್ಷ ಅದರ ಸುಳಿವೇ ಇಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ ಅದು ಮತ್ತೆ ಕಂಡಿತು. ಅಂದರೆ ಗುತ್ತಿ ಅದರ ಊರೇ ಅಲ್ಲ! ಕಾಡಿನಲ್ಲಿ ಕಡಿದ ಮರದ ಪೊಟರೆಯೊಳಗೆ ಕೂತು, ಟಿಕೆಟ್ಟಿಲ್ಲದೆ ರೈಲಿನಲ್ಲಿ ಬಂದಿಳಿದಿರಬೇಕು ಎನ್ನುತ್ತಾರೆ. ಇಳಿದ ನಿಲ್ದಾಣದ ಹೆಸರೇ ಅದಕ್ಕೆ ಅಂಟಿಕೊಂಡಿತು. ಇನ್ನೊಂದು ಮಾತು: ಗುತ್ತಿ ಈಗ ಆಂಧ್ರದಲ್ಲಿದ್ದರೂ, 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವವರೆಗೆ ಅದು ಬಳ್ಳಾರಿ ಜಿಲ್ಲೆಯ ಊರೇ ಆಗಿತ್ತು. ಹದಿನೇಳು ವರ್ಷ ಮೊದಲು ಸಿಕ್ಕಿದ್ದರೆ ಅದು ಬಳ್ಳಾರಿ ಜಿಲ್ಲೆಯ ಜೇಡ ಎನಿಸಿಕೊಳ್ಳುತ್ತಿತ್ತು.

ಆ ನೀಲಿ ಎಲ್ಲಿಂದ ಬಂತು? ಅದರ ಮೈಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಕೂದಲಿನೊಳಗಿನ ಅತಿ ಸೂಕ್ಷ್ಮ ಪದರಗಳು ಬೆಳಕಿನ ನೀಲಿಯನ್ನಷ್ಟೇ ನಮ್ಮ ಕಣ್ಣಿಗೆ ತಿರುಗಿಸುತ್ತವೆ. ನವಿಲುಗರಿಯದೂ ಇಂಥದೇ ಲೆಕ್ಕ. ಜೇಡ ಬೆಳೆದಂತೆ ನೀಲಿ ಗಾಢವಾಗುತ್ತದೆ.

ಮೊಬೈಲಿನಲ್ಲಿ ಇದರ ವಿಡಿಯೊ ನೋಡಿದ ಮಕ್ಕಳು “ನಾವೂ ಒಂದು ಸಾಕೋಣ” ಎಂದು ಹಟ ಹಿಡಿದರೆ ಆಶ್ಚರ್ಯವಿಲ್ಲ. ನಾಯಿಯಂತೆ ಬೊಗಳುವುದಿಲ್ಲ, ದಿನಾ ವಾಕಿಂಗ್ ಕರೆದೊಯ್ಯಬೇಕಿಲ್ಲ, ವಾರಕ್ಕೆ ಒಂದೆರಡು ಊಟ ಸಾಕು. ಹಾಗಾದರೆ ಸಾಕುವವರು ಏನು ಮಾಡುತ್ತಾರೆ, ನೋಡೋಣ.

ಇದು ಮರದ ಜೇಡ. ಆದ್ದರಿಂದ ಪೆಟ್ಟಿಗೆ ಅಗಲಕ್ಕಿಂತ ಎತ್ತರವಾಗಿರಬೇಕು. ತಳಕ್ಕೆ ತೆಂಗಿನ ನಾರಿನ ಪುಡಿ, ನಿಲ್ಲಿಸಿಟ್ಟ ಮರದ ತೊಗಟೆ, ಚಿಕ್ಕ ನೀರಿನ ಬಟ್ಟಲು, ಗಾಳಿಗೆ ಸಣ್ಣ ತೂತುಗಳು, ಭದ್ರವಾದ ಮುಚ್ಚಳ. ಊಟಕ್ಕೆ ಜೀವಂತ ಮಿಡತೆ, ಜಿರಲೆ. ಅಜ್ಜಿಯರೇ, ನೀವು ಅಟ್ಟಿಸಿಕೊಂಡು ಹೋಗಿ ಕೊಲ್ಲುವ ಜಿರಲೆಯನ್ನು ಡಬ್ಬಿಯಲ್ಲಿ ಸಾಕಬೇಕಾಗುತ್ತದೆ! ಸೊಳ್ಳೆಗೆ, ಇರುವೆಗೆ ಮನೆಯಲ್ಲಿ ಔಷಧಿ ಹೊಡೆದರೆ ಜೇಡವೂ ಸಾಯಬಹುದು. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಕಿಟಕಿ ಪಕ್ಕ ಇಟ್ಟ ಗಾಜಿನ ಪೆಟ್ಟಿಗೆ ಒಲೆಯಾಗುತ್ತದೆ.

ಹಾವಿನಂತೆ ಇದೂ ಪೊರೆ ಬಿಡುತ್ತದೆ. ಕೆಲವು ದಿನ ಊಟ ಬಿಟ್ಟು, ಬೆನ್ನ ಮೇಲೆ ಮಲಗಿ, ಕಾಲು ಮೇಲಕ್ಕೆ ಮಾಡುತ್ತದೆ. ಸತ್ತಿತೆಂದು ಎಸೆಯಬಾರದು! ಗಂಟೆಗಟ್ಟಲೆ ಹೆಣಗಿ ಹಳೆಯ ಚರ್ಮದಿಂದ, ಹಳೆಯ ಕೋರೆಹಲ್ಲಿನ ಸಮೇತ, ಹೊರಗೆ ಬರುತ್ತದೆ. ಆಗ ಮೈಯೆಲ್ಲ ಮೆತ್ತಗೆ. ತಿನ್ನದೆ ಬಿಟ್ಟ ಮಿಡತೆ ಪೆಟ್ಟಿಗೆಯಲ್ಲಿ ಉಳಿದಿದ್ದರೆ ಅದೇ ಜೇಡವನ್ನು ಕಚ್ಚುತ್ತದೆ. ಬಿಟ್ಟ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಗಂಡೋ ಹೆಣ್ಣೋ ಹೇಳಬಹುದು.

ಗಂಡು ಮೂರು ನಾಲ್ಕು ವರ್ಷಕ್ಕೆ ಸಾಯುತ್ತದೆ, ಹೆಣ್ಣು ಹನ್ನೊಂದು ಹನ್ನೆರಡು ವರ್ಷ ಬಾಳುತ್ತದೆ. ಐದನೇ ತರಗತಿಯಲ್ಲಿ ತಂದ ಹೆಣ್ಣು ಜೇಡ, ತಂದವರು ಡಿಗ್ರಿ ಮುಗಿಸಿ ಕೆಲಸಕ್ಕೆ ಬೆಂಗಳೂರಿಗೆ ಹೋದ ಮೇಲೂ ಮನೆಯಲ್ಲೇ ಇರುತ್ತದೆ. ಜಿರಲೆ ಹಾಕುವವರು ಯಾರು? ತಾತ! ಮರಿ ಮಾಡಿಸುವುದು ಇನ್ನೂ ಕಷ್ಟ. ಗಂಡನ್ನು ಹೆಣ್ಣಿನ ಪೆಟ್ಟಿಗೆಗೆ ಬಿಟ್ಟರೆ ಕೆಲವೊಮ್ಮೆ ಅದೇ ಆಕೆಯ ಊಟವಾಗುತ್ತದೆ. ಎಲ್ಲ ಸರಿಹೋದರೆ ರೇಷ್ಮೆಯ ಚೀಲದಲ್ಲಿ ಮೊಟ್ಟೆಯಿಟ್ಟು ಕಾಯುತ್ತಾಳೆ. ನಡುವೆ ಪೆಟ್ಟಿಗೆ ಅಲ್ಲಾಡಿಸಿ ಗಾಬರಿಪಡಿಸಿದರೆ ಮೊಟ್ಟೆಗಳನ್ನು ತಾನೇ ತಿಂದುಬಿಡಬಹುದು.

ಇದರ ಕಡಿತದಿಂದ ಮನುಷ್ಯರು ಸತ್ತ ದಾಖಲೆಯಿಲ್ಲ. ಆದರೆ ನೋವು ಜೋರು, ಸ್ನಾಯು ಹಿಡಿತ ದಿನಗಟ್ಟಲೆ ಕಾಡಬಹುದು. ಮಿಂಚಿನಂತೆ ಓಡುವ ಇದನ್ನು ಅನುಭವಸ್ಥರೂ ಕೈಗೆ ತೆಗೆದುಕೊಳ್ಳುವುದಿಲ್ಲ. ಮುಟ್ಟಿ ಮುದ್ದು ಮಾಡಲಾಗದ ಪ್ರಾಣಿ ಮಕ್ಕಳಿಗೆ ಏಕೆ ಎಂಬುದು ನನ್ನ ಪ್ರಶ್ನೆ.

ದೊಡ್ಡ ಮಾತು ಮುಂದಿದೆ. ಈ ಜೇಡ ಕಾಡಿನಲ್ಲಿ ಉಳಿದಿರುವುದು ಬಹಳ ಸಣ್ಣ ಜಾಗದಲ್ಲಿ. ಜಗತ್ತಿನ ಅಪಾಯದ ಜೀವಿಗಳ ಕೆಂಪು ಪಟ್ಟಿ 2008ರಲ್ಲಿ ಅದನ್ನು ನೂರು ಚದರ ಕಿಲೋಮೀಟರಿಗೂ ಕಡಿಮೆ ಎಂದು ಗುರುತಿಸಿ, ಅಳಿವಿನ ತೀರಾ ಅಂಚಿನಲ್ಲಿರುವ ಜೀವಿ ಎಂದು ಬರೆದುಕೊಂಡಿತು. ಸೌದೆಗೆ, ದಿಮ್ಮಿಗೆ ಹಳೆಯ ಮರ ಕಡಿದರೆ ಪೊಟರೆ ಹೋಯಿತು. ಪೊಟರೆ ಹೋದರೆ ಮನೆ ಹೋಯಿತು. ಉಳಿದವನ್ನು ಮಾರುವುದಕ್ಕೆಂದು ಹಿಡಿಯುವವರಿದ್ದಾರೆ. 2019ರಲ್ಲಿ ಈ ಜಾತಿಯ ಜೇಡಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಿದವು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ಪ್ರಕಾರ ಆ ಪಟ್ಟಿಯ ಜೀವಂತ ಪ್ರಾಣಿಯನ್ನು ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಣಿ ಮಾಡಿಸಬೇಕು. ಮರಿ ಹುಟ್ಟಿದರೂ ತಿಳಿಸಬೇಕು.

ಕದ್ದು ತರುವವರ ಕಥೆಯೂ ಇದೆ. 2021ರ ಜುಲೈಯಲ್ಲಿ ಚೆನ್ನೈ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳು ಪೋಲೆಂಡಿನಿಂದ ಬಂದ ಪಾರ್ಸಲ್ ಬಿಚ್ಚಿದರು. ಒಳಗೆ ಹತ್ತಿ, ಬೆಳ್ಳಿ ಬಣ್ಣದ ಹಾಳೆಯಲ್ಲಿ ಸುತ್ತಿದ ಪುಟ್ಟ ಪುಟ್ಟ ಶೀಷೆಗಳು. ಅವುಗಳಲ್ಲಿ 107 ಜೀವಂತ ಜೇಡಗಳು! ತರಲು ಬೇಕಾದ ಕಾಗದಪತ್ರ ಯಾವುದೂ ಇರಲಿಲ್ಲ. ಪಾರ್ಸಲನ್ನು ಪೋಲೆಂಡಿಗೇ ವಾಪಸು ಕಳಿಸಿದರು.

ಹಾಗೆಂದು ಮಕ್ಕಳಿಗೆ ಜೇಡ ನೋಡುವ ಆಸೆ ತೀರದೆ ಉಳಿಯಬೇಕಿಲ್ಲ. ಟರಾಂಟುಲಾ ಎಂಬ ಹೆಸರು ಮೊದಲು ಇದ್ದದ್ದು ಈ ದಪ್ಪ ಜೇಡಗಳಿಗಲ್ಲ. ಇಟಲಿಯ ಟಾರಾಂಟೊ ಊರಿನ ಸುತ್ತ ಓಡಾಡುತ್ತಿದ್ದ ತೋಳ ಜೇಡಕ್ಕೆ ಆ ಹೆಸರಿತ್ತು. ಅದು ಕಚ್ಚಿದರೆ ಕುಣಿದೇ ವಿಷ ಇಳಿಸಬೇಕೆಂದು ಅಲ್ಲಿನ ಜನ ನಂಬಿದ್ದರು. ಟಾರಾಂಟೆಲ್ಲಾ ಎಂಬ ಕುಣಿತದ ಹೆಸರೂ ಅಲ್ಲಿಂದಲೇ ಬಂದದ್ದು. ಆ ತೋಳ ಜೇಡದ ದಾಯಾದಿಗಳು ಸಿರುಗುಪ್ಪದಂಥ ಭತ್ತದ ಸೀಮೆಯಲ್ಲಿ ರೈತರ ಕೂಲಿಯಿಲ್ಲದ ಆಳುಗಳು. ಬಲೆ ಕಟ್ಟದೆ, ಬುಡದಿಂದ ಬುಡಕ್ಕೆ ಓಡಿ ಭತ್ತದ ಕಂದು ಜಿಗಿಹುಳುವನ್ನು ಹಿಡಿದು ತಿನ್ನುತ್ತವೆ. ಸಿಕ್ಕಾಪಟ್ಟೆ ಔಷಧಿ ಹೊಡೆದ ಗದ್ದೆಯಲ್ಲಿ ಜೇಡವೇ ಮೊದಲು ಸತ್ತು, ಜಿಗಿಹುಳು ಇನ್ನಷ್ಟು ಹೆಚ್ಚುವುದನ್ನು ಕೃಷಿ ವಿಜ್ಞಾನಿಗಳು ಕಂಡಿದ್ದಾರೆ.

ಕುರುಗೋಡಿನ ಗುಡ್ಡದ ಕಡೆ ಹೋದರೆ ಬೇಲಿಗಿಡಗಳ ನಡುವೆ ಬಲೆಗಳನ್ನು ಹುಡುಕಿ. ಬಲೆಯ ಮಧ್ಯೆ ಇಂಗ್ಲಿಷಿನ ಎಕ್ಸ್ ಅಕ್ಷರ ಬರೆದಂತೆ ಎರಡೆರಡು ಕಾಲು ಜೋಡಿಸಿ ಕೂರುವ ಜೇಡ ಸಿಗಬಹುದು. ಬಂಡೆಯ ಸಂದಿಗೆ ಮಾತ್ರ ಕೈ ಹಾಕಬೇಡಿ, ಅಲ್ಲಿ ಚೇಳೂ ಇರಬಹುದು, ಹಾವೂ ಇರಬಹುದು.

ಗದ್ದೆಯ ಜೇಡ ನೋಡಲು ರಾತ್ರಿಯೇ ಒಳ್ಳೆಯ ಹೊತ್ತು. ತಾತನ ಜೊತೆ ಬದುವಿನ ಮೇಲೆ ನಿಂತು, ಟಾರ್ಚನ್ನು ಹಣೆಯ ಮಟ್ಟದಲ್ಲಿ ಹಿಡಿದು ನೆಲದತ್ತ ಬೆಳಕು ಬಿಡಿ. ಹುಲ್ಲಿನ ನಡುವೆ ಇಬ್ಬನಿ ಹನಿಯಂತೆ ಚುಕ್ಕಿಗಳು ಹೊಳೆದರೆ ಅವು ತೋಳ ಜೇಡದ ಕಣ್ಣುಗಳು. ಅದೃಷ್ಟವಿದ್ದರೆ ಒಂದೇ ಕಡೆ ಹತ್ತಾರು ಪುಟ್ಟ ಚುಕ್ಕಿಗಳು ಹೊಳೆದಾವು: ತಾಯಿಯ ಬೆನ್ನ ಮೇಲೆ ಸವಾರಿ ಹೊರಟ ಮರಿಗಳು.